ನನಗೆ ಕಿವಿ ಕೇಳುತ್ತದೆ

ಬೆಟ್ಟದಪುರ
6-11-2024

ನನ್ನ ಮುದ್ದಿನ ಸೋದರಸೊಸೆ ಮಧುಶ್ರೀಗೆ,

ಹಾಸ್ಟೆಲ್ಲಿನಲ್ಲಿ ಹೊಟ್ಟೆತುಂಬ ತಿನ್ನುತ್ತಿದ್ದೀಯಾ? ಮುದ್ದೆ ಹಾಕುತ್ತಾರೋ, ಬರೀ ಅನ್ನವೋ? ನರ್ಸಿಂಗ್ ಓದುವವಳು ನೀನೇ ಕಡ್ಡಿಯಾದರೆ ರೋಗಿಯನ್ನು ಹಿಡಿದು ಕೂರಿಸುವವರು ಯಾರು? ನನ್ನ ವಿಚಾರ ಕೇಳಿದರೆ, ಗಂಟಲಿನ ಕ್ಯಾನ್ಸರ್ ಗೆಡ್ಡೆಗೆ ರೇಡಿಯೇಷನ್ ಕರೆಂಟು ಕೊಡುವ ಮುಂಚೆ ಉಸಿರಿಗೊಂದು ದಾರಿಯಿರಲಿ ಎಂದು ಕತ್ತಿನಲ್ಲಿ ತೂತು ಮಾಡಿ, ಕೊಳವೆ ಕೂರಿಸಿ ಮನೆಗೆ ಕಳಿಸಿದ್ದಾರೆ. ಗಾಯ ಮಾಯುತ್ತಿದೆ. ಆ ವಾರ್ಡಿನಲ್ಲಿ ಆಪರೇಷನ್ ಆದವರ ಪೈಕಿ ಮೊದಲು ಎದ್ದು ನಡೆದವನು ನಿನ್ನ ಮಾವನೇ, ಡಾಕ್ಟರೇ ಬೆರಗಾದರು. ಸದ್ಯಕ್ಕೆ ಮಾತಿಲ್ಲ. ಉಸಿರು ಮೂಗು ಬಿಟ್ಟು ಕತ್ತಿನಲ್ಲೇ ಓಡಾಡುವುದರಿಂದ ವಾಸನೆಯೂ ಇಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬಾಗಿಲಲ್ಲಿ ನಿಂತು ಮೂಸಿಯೇ ಸೊಪ್ಪು ಹದಕ್ಕೆ ಬಂತೆಂದು ಹೇಳುತ್ತಿದ್ದವನಿಗೆ ಈಗ ನಿಮ್ಮತ್ತೆಯ ಬಸ್ಸಾರೂ ಬಿಸಿನೀರೇ. ಇರಲಿ, ಸಿಟ್ಟು ಅದಕ್ಕಲ್ಲ.

ಸಿಟ್ಟೆಲ್ಲ ನೋಡಲು ಬರುವ ಜನದ ಮೇಲೆ. ಮಾತು ನಿಂತವನಿಗೆ ಕಿವಿಯೂ ನಿಂತಿದೆ ಎಂದು ಇವರಿಗೆ ಯಾರು ಹೇಳಿದರು? ಪಕ್ಕದ ಮನೆ ಚಿಕ್ಕಬೀರಮ್ಮ ಬ್ರೆಡ್ಡು ಹಿಡಿದು ಬಂದು, "ಚೆಲುವಣ್ಣಾ, ನಾನು ಕಣಪ್ಪಾ, ಚಿಕ್ಕಬೀರಿ!" ಎಂದು ಬೆಟ್ಟದ ಮೇಲಿನ ದೇವರಿಗೂ ಕೇಳುವಂತೆ ಕೂಗಿದಳು. ಆಮೇಲೆ ನನ್ನ ತಲೆದೆಸೆಯಲ್ಲೇ ಕೂತು ನಿಮ್ಮತ್ತೆಗೆ, "ಮೊಕ ಎಲ್ಲಾ ಬಿದ್ದೋಗದೆ ಕಣವ್ವ, ಕಾರ್ತೀಕ ಕಳುದ್ರೆ ಎಚ್ಚು" ಅಂದಳು. ನಾನು ಎದ್ದು ಕೂತು ಅವಳ ಬ್ರೆಡ್ಡನ್ನು ಅವಳ ಮಡಿಲಿಗೇ ಹಾಕಿದೆ. "ಪಾಪ, ಬ್ರಮೆ ಬಂದದೆ" ಅಂದಳು!

ಅದನ್ನೂ ನುಂಗಿಕೊಂಡೆ. ನಿನ್ನೆ ನಿನ್ನಪ್ಪ, ನಿನ್ನಮ್ಮ ಬಂದಿದ್ದರು. ಭಾವ ನನ್ನ ಮಂಚದ ತುದಿಯಲ್ಲಿ ಕೂತು ತೀರ್ಮಾನ ಕೊಟ್ಟರು: "ಇವ್ನು ಓಗ್ಬುಟ್ರೆ ಒಂದ್ ವರ್ಸ ಮದ್ವೆ ಮಾಡಂಗಿಲ್ಲ ಕಣಮ್ಮಿ. ಹಂಪಾಪುರದ ಗಂಡಿನ್ ಕಡೆಯೋರು ಬಾನುವಾರ ಇಲ್ಗೇ ಬತ್ತಾರೆ, ಇವ್ನನ್ನೂ ಒಂದ್ಸಲ ನೋಡ್ದಂಗಾಯ್ತದೆ. ಈ ಕಾರ್ತೀಕದಲ್ಲೇ ಮುಗ್ಸಬುಡವ." ನಿನ್ನಮ್ಮ ಮೆಲ್ಲಗೆ, "ಪರೀಕ್ಸೆ?" ಎಂದಳು. "ಆಮೇಲೆ ಅವ್ರು ಬರ್ಸುದ್ರೆ ಬರೀತಾಳೆ." "ಮೆತ್ತಗೆ ಮಾತಾಡಿ, ಕೇಳುಸ್ಕಂಡಾನು." "ಬಾಯೇ ಇಲ್ದೋನು ಕೇಳುಸ್ಕಂಡು ಏನ್ ಮಾಡಾನು ಬುಡು!"

ಮೈಯೆಲ್ಲ ಉರಿದುಹೋಯಿತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ "ನಾನು ಸಾಯುವುದಿಲ್ಲ" ಎಂದು ಬರೆದು ಭಾವನ ಕೈಗೆ ತುರುಕಿದೆ. ನಮ್ಮೂರ ಶಾಲೆಯಲ್ಲಿ ನನ್ನಂಥ ದುಂಡಕ್ಷರ ಇನ್ನೊಬ್ಬನದಿರಲಿಲ್ಲ, ಆದರೇನು? ಕನ್ನಡಕ ತಂದಿರದ ಮಹಾನುಭಾವರು ಹಾಳೆಯನ್ನು ಮಾರುದೂರ ಹಿಡಿದು, "ನೀರು ಬೇಕಂತೆ, ತತ್ತಾ" ಎಂದರು. ನಿನ್ನಮ್ಮ ಓಡಿಹೋಗಿ ನೀರು ತಂದಳು.

ಹುಡುಗ ಶಶಿಕುಮಾರ್ ಒಳ್ಳೆಯವನೇ, ನೀನೂ ಒಪ್ಪಿದ್ದೀಯ. ಆದರೆ ಬೇಸಿಗೆಯಲ್ಲಿ, ನಿನ್ನ ಕೊನೆಯ ಪರೀಕ್ಷೆ ಮುಗಿದ ಮೇಲೆ ಎಂದು ಮಾತಾಗಿತ್ತಲ್ಲ? ಈಗ ನನ್ನ ಸಾವಿನ ಹೆಸರು ಹೇಳಿ ನಿನ್ನ ಓದಿಗೆ ಕಲ್ಲು ಹಾಕುತ್ತಾರೆಂದರೆ ನಾನು ಯಾವ ಮುಖ ಹೊತ್ತು ಬದುಕಲಿ? ಇರುವುದೋ ಹೋಗುವುದೋ ನನ್ನ ಕೈಯಲ್ಲಿಲ್ಲ ಎನ್ನುವುದು ನನಗೂ ಗೊತ್ತು ಮಗಳೇ. ಯಾವತ್ತು ಎನ್ನುವುದನ್ನು ನಿನ್ನಪ್ಪ ಗೊತ್ತುಮಾಡುವುದು ಬೇಡ. ಫೋನಿನಲ್ಲಿ ಹೇಳಲು ದನಿಯಿಲ್ಲ, ಮೆಸೇಜು ಹಾಕಿದರೆ ನಿಮ್ಮತ್ತೆ ಓದಿ ನಿನ್ನಮ್ಮನಿಗೆ ಊದುತ್ತಾಳೆ. ಅದಕ್ಕೇ ಈ ಕಾಗದ. ಬೆಟ್ಟದ ಮಲ್ಲಿಕಾರ್ಜುನ ನಿನ್ನನ್ನು ನೋಡಿಕೊಳ್ಳಲಿ. ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ.

ಇನ್ನೂ ಗಟ್ಟಿಯಾಗಿರುವ ನಿನ್ನ ಸೋದರಮಾವ,
ಚೆಲುವರಾಜು

ಮರೆತಿದ್ದೆ: ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲಿಯವರೆಗೆ ಎಂದು ನಾನು ಕೇಳಿಲ್ಲ, ನಿನ್ನ ಪರೀಕ್ಷೆ ಮುಗಿದ ಮೇಲೆ ಕೇಳುತ್ತೇನೆ. ಹೆಣ್ಣನ್ನು ಹಸೆಮಣೆಗೆ ಎತ್ತಿ ತರಬೇಕಾದವನು ಸೋದರಮಾವ, ನಿನ್ನಮ್ಮನಿಗೆ ಇರುವುದು ನಾನೊಬ್ಬನೇ ತಮ್ಮ. ಭಾನುವಾರ ತಪ್ಪದೆ ಬಾ. ಹಂಪಾಪುರದವರ ಮುಂದೆ, "ನನ್ನನ್ನು ಎತ್ತುವವರು ಯಾರು?" ಎಂದಷ್ಟೇ ಕೇಳು. ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಆಗ ನಾನು ಕಿವಿ ಕೇಳದವನ ಹಾಗೆ ಕೂತಿರುತ್ತೇನೆ.