ಎರಡನೇ ಪಾಠ ನೀನು

ಸ್ಫಾಕ್ಸ್, ಶುಕ್ರವಾರ

ಲಮಿಯಾ,

ಇವತ್ತು ಹೊಸ ಸಂಶೋಧಕರಿಗೆ ನಮ್ಮ ಮೇಡಂ ನನ್ನ ಬ್ಲಾಗನ್ನೇ ಮಾದರಿಯೆಂದು ಓದಿಸಿದರು. ಮುಂದೆ ಕೆಲಸ ಸಿಗಲು ನೆರವಾಗಲೆಂದು ವಿಶ್ವವಿದ್ಯಾಲಯ ನಮ್ಮಿಂದ ಬರೆಸುವ ಆ ಬ್ಲಾಗುಗಳು, ಸಂಶೋಧನೆಯ ದಿನಗಳಲ್ಲಿ ಕಲಿತ ಮೂರು ಪಾಠಗಳೊಂದಿಗೆ ಮುಗಿಯಬೇಕು. ಎರಡನೆಯದು ಹೊಳೆಯದೆ ನಿನ್ನನ್ನು ಹಾಕಿದ್ದೆ: ಸಮಯ ಹೊಂದಿಸಿಕೊಳ್ಳಲಾಗದೆ ಸಂಶೋಧನೆಯನ್ನು ಅರ್ಧಕ್ಕೇ ಬಿಟ್ಟ ಗೆಳತಿ.

ಅರ್ವಾ ಎಂಬ ಹೊಸ ಹುಡುಗಿ ಕೇಳಿದಳು, "ಅವರಿಗೆ ನಿಜವಾಗ್ಲೂ ಏನಾಗಿತ್ತು ಅಕ್ಕಾ?"

ನಿನ್ನಮ್ಮ ಹಾಸಿಗೆ ಹಿಡಿದದ್ದು ನನಗೆ ಗೊತ್ತಿತ್ತು. ಅವರು ನಿನಗೆ ಕಟ್ಟಿಕೊಡುತ್ತಿದ್ದ ಕುಸ್ಕುಸ್ ಬುತ್ತಿಯಲ್ಲಿ ಮೀನಿನ ದೊಡ್ಡ ತುಂಡು ಯಾವಾಗಲೂ ನನಗೇ ಬರುತ್ತಿತ್ತು.

"ಸ್ವಲ್ಪ ಸೋಮಾರಿ ಕಣೇ ಅವಳು," ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

'ಅಮ್ಮ ಹೇಗಿದ್ದಾರೆ' ಎಂದು ಇಲ್ಲಿ ಬರೆದು, ಹೊಡೆದು ಹಾಕಿದ್ದೇನೆ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಓಲ್ಫಾ