ಪಕ್ಕದ ದೇಶಕ್ಕೊಂದು ಕನ್ನಡಕ

ಮಾರ್ಚ್ ೧೨, ಬುಧವಾರ

ಮನವಿಪತ್ರ ಇನ್ನೂ ಮೇಜಿನ ಮೇಲೇ ಇದೆ. ಪಕ್ಕದ ದೇಶದ ಸೇನೆ ಚುನಾವಣೆಯನ್ನು ರದ್ದು ಮಾಡಿ ಗೆದ್ದವರನ್ನು ಜೈಲಿಗೆ ಹಾಕಿದೆ; ನಮ್ಮ ಸರ್ಕಾರ ಕೂಡಲೇ ಮಧ್ಯೆ ಪ್ರವೇಶಿಸಬೇಕು ಎಂದು ಕಾಲೇಜಿನ ಹದಿನೆಂಟು ಅಧ್ಯಾಪಕರು ಸಹಿ ಹಾಕಿದ್ದಾರೆ. ಮೊದಲ ಸಾಲನ್ನು ನನಗೆಂದೇ ಖಾಲಿ ಬಿಟ್ಟಿದ್ದಾರೆ.

“ಗೆದ್ದು ಜೈಲು ಸೇರಿದೋರಲ್ಲಿ ನಿಮ್ಮ ತಂಗಿ ಗಂಡಾನೂ ಇದ್ದಾರೆ ಮೇಡಂ, ನೀವೇ ಹಿಂದೆಮುಂದೆ ನೋಡಿದ್ರೆ ಹೇಗೆ?” ಎಂದರು ಇತಿಹಾಸದ ಮೇಷ್ಟ್ರು.

ಸಂಜೆ ಅಲ್ಲಿಂದ ತಂಗಿ ಫೋನ್ ಮಾಡಿದಾಗ ಮನವಿಯ ವಿಷಯ ಹೇಳಿದೆ.

“ಬೇಡ ಅಕ್ಕ. ನಿಮ್ಮೋರು ಬಂದು ಬಿಡಿಸಿದ್ರೆ ಇವರು ಮನೆಗೇನೋ ಬರ್ತಾರೆ. ಆಮೇಲೆ ಬೀದಿಗೆ ಹೇಗೆ ಬರೋದು? ವೋಟು ಹಾಕಿದೋರೇ ಹೊರಗಿನೋರ ಮನುಷ್ಯ ಅಂತಾರೆ.”

ಅವಳ ಗಂಡ ಮನೆಗೇ ಬರದೇ ಹೋದರೆ ಎಂದು ನಾನು ಕೇಳಲಿಲ್ಲ. ಹನ್ನೊಂದು ದಿನದಿಂದ ಅವಳು ಅದನ್ನೇ ಕೇಳಿಕೊಳ್ಳುತ್ತಿರಬೇಕು.

“ಹಿಡಿಯೋವಾಗ ಇವರ ಕನ್ನಡಕ ಒಡೆದುಹಾಕಿದ್ದಾರೆ. ಇಲ್ಲಿ ಅಂಗಡಿಗಳೆಲ್ಲ ಮುಚ್ಚಿವೆ. ನಿನ್ನ ನಂಬರೇ ಅಲ್ವಾ ಅವರದ್ದೂ? ಇಬ್ರೂ ಪದ್ಯ ಓದಿ ಓದಿ ಕಣ್ಣು ಕೆಡಿಸ್ಕೊಂಡೋರು. ಅಷ್ಟು ದೊಡ್ಡ ದೇಶ ನಿಮ್ದು, ಒಂದು ಕನ್ನಡಕ ಕಳಿಸು, ಸಾಕು.”

ಗಡಿ ದಾಟುವ ಬಸ್ಸು ಬೆಳಿಗ್ಗೆ ಐದಕ್ಕೇ ಹೊರಡುತ್ತದೆ. ನನ್ನದನ್ನೇ ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಅಂಟಿಸಿದ್ದೇನೆ. ಮನವಿಯಲ್ಲಿ ಖಾಲಿ ಬಿಟ್ಟ ಜಾಗ ಈಗ ನನಗೆ ಸರಿಯಾಗಿ ಕಾಣುತ್ತಿಲ್ಲ. ಇತಿಹಾಸದ ಮೇಷ್ಟ್ರಿಗೆ ನಾಳೆ ಹಾಗೆಂದೇ ಹೇಳಿ ಪಾರಾಗಬಹುದು. ಆದರೆ ತಂಗಿ ಹೇಳಿದ್ದನ್ನೇ ಹೇಳಬೇಕು. ಅದು ಸರಿಯೇ ಎಂದು ಅವರು ಕೇಳಿದರೆ ನನಗೂ ಗೊತ್ತಿಲ್ಲ ಎನ್ನಬೇಕು. ಕನ್ನಡಕವಿಲ್ಲದೆ ಬರೆಯುತ್ತಿರುವ ಈ ಸಾಲುಗಳೂ ಒಂದರ ಮೇಲೊಂದು ಹತ್ತುತ್ತಿವೆ, ಇನ್ನು ನಿಲ್ಲಿಸುತ್ತೇನೆ.