ರಾಚವ್ವನ ಮುಂದಿನ ಜಾಗ

ಜನವರಿ 14, ಭಾನುವಾರ

ಇವತ್ತಿನ ದೋಣಿ ರೇಸ್ನಲ್ಲೂ ಮೂರನೆಯವರು. ಕನ್ನಡಕದ ಮೇಲೆ ಉಪ್ಪು, ಕಿವಿಯೊಳಗೂ ಉಪ್ಪು. ಮನೆಯಿರುವ ಬೊರಿವಲಿ ಬರುವವರೆಗೂ ಕೂತಲ್ಲೇ ತೂಗಾಡುತ್ತಿದ್ದೆ. ಲೋಕಲ್ ರೈಲು ತೂಗುತ್ತಿತ್ತೋ, ಮೈಯೊಳಗಿನ ದೋಣಿಯೋ, ಗೊತ್ತಾಗಲಿಲ್ಲ.

ನಾಳೆ ಸಂಕ್ರಾಂತಿ ಅಂತ ಹಾಯಿದೋಣಿ ಕ್ಲಬ್‌ಗೆ ಎಳ್ಳುಬೆಲ್ಲ ಒಯ್ದಿದ್ದೆ. ಶಶಿಕಾಂತ ಎರಡು ಸಲ ಕೈ ಒಡ್ಡಿದರು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಅಂದೆ. ಆಗಲಿ ಮೇಡಮ್ ಅಂದರು. ನೀರಿಗಿಳಿದು ಹತ್ತು ನಿಮಿಷವಾಗಿಲ್ಲ, ಹಿಂದಿನಿಂದ ಶುರು — “ಎಳಿ! ಬಿಡು! ನಿದ್ದಿ ಮಾಡಾಕ ಬಂದೀ ಏನು?”

ದಡದ ಮೇಲೆ ಮೇಡಮ್. ನೀರಿನ ಮೇಲೆ ಆ ಮರ್ಯಾದೆ ಇಲ್ಲ. ಆರು ವರ್ಷದಿಂದ ಹೀಗೇ. ಸಣ್ಣ ಹಾಯಿದೋಣಿ, ಇಬ್ಬರಿಗೇ ಜಾಗ. ಅವರು ಹಿಂದೆ, ಚುಕ್ಕಾಣಿ ಹಿಡಿದು. ನಾನು ಮುಂದೆ, ಸಣ್ಣ ಹಾಯಿಯ ಹಗ್ಗ ಹಿಡಿದು. ನನ್ನ ಕೆಲಸಕ್ಕೆ ಕ್ರೂ ಅನ್ನುತ್ತಾರೆ. ಕ್ರೂ ಆದವಳು ಹಿಂದೆ ತಿರುಗಬಾರದು, ಕಣ್ಣು ಹಾಯಿಯ ಮೇಲೇ ಇರಬೇಕು. ನಮ್ಮ ಉಪಾಯ ಬೇರೆ ದೋಣಿಯವರಿಗೆ ತಿಳಿಯದಿರಲಿ ಅಂತ ಕೂಗಾಟವೆಲ್ಲ ಕನ್ನಡದಲ್ಲಿ. ದೋಣಿಗೆ ಅವರ ಬೆಳಗಾವಿ ಅಜ್ಜಿಯ ಹೆಸರು, ರಾಚವ್ವ. ಸೆಕ್ರೆಟರಿ ಪ್ರೀತಮ್ ಮೈಕ್‌ನಲ್ಲಿ ರಚಾವಾ ಅನ್ನುತ್ತಾನೆ, ಯಾವುದೋ ಇಟಲಿಯ ಊರೇನೋ ಅನ್ನುವ ಹಾಗೆ.

ನಲವತ್ತೆಂಟು ನನಗೆ. ವಾರವಿಡೀ ಬ್ಯಾಂಕ್‌ನಲ್ಲಿ ಕೌಸಲ್ಯಾ ಮೇಡಮ್. ಭಾನುವಾರ ಬೈಸಿಕೊಳ್ಳುವುದಕ್ಕೆ ಸೋಮವಾರದಿಂದಲೇ ಕಾಯುತ್ತೇನೆ. ಇದನ್ನು ಯಾರ ಹತ್ತಿರ ಹೇಳಲಿ.

ಜನವರಿ 28, ಭಾನುವಾರ

ಟ್ರಾನ್ಸ್‌ಫರ್. ಶಶಿಕಾಂತರಿಗೆ, ದೂರದ ಕಾಂಡ್ಲಾ ಬಂದರಿಗೆ. ಜೂನ್ ಒಂದಕ್ಕೆ ಹಾಜರಾಗಬೇಕಂತೆ.

ನನಗೆ ಹೇಳಲಿಲ್ಲ. ರೇಸ್ ಮುಗಿದು ಚಹಾ ಕುಡಿಯುವಾಗ ಪ್ರೀತಮ್‌ಗೆ ಇಂಗ್ಲಿಷ್‌ನಲ್ಲಿ ಹೇಳಿದರು. ಪಕ್ಕದಲ್ಲಿದ್ದೆ, ನನ್ನ ಕಿವಿಗೂ ಬಿತ್ತು. ಈ ಸೀಸನ್ ಮುಗಿಸಿ, ಮಳೆಗೆ ಮುಂಚೆ ದೋಣಿ ಮೇಲೆತ್ತಿಯೇ ಹೋಗುತ್ತಾರಂತೆ. ಪ್ರೀತಮ್ ಬೆನ್ನು ತಟ್ಟಿದ. ನಾನು ಚೀಸ್ ಟೋಸ್ಟ್ ತಿಂದೆ. ಪೂರ್ತಿ ತಿಂದೆ.

ಸಿಟ್ಟು ಬಂತು. ಯಾವ ಹಕ್ಕಿನಿಂದ? ಆದರೂ ಬಂತು.

ಜನವರಿ 29

ಬ್ಯಾಂಕ್‌ಗೆ ಹೋಗುವಾಗ ಮರೀನ್ ಲೈನ್ಸ್ ಹತ್ತಿರ ಸಮುದ್ರ ಬಂತು. ಆ ಕಡೆ ನೋಡಲಿಲ್ಲ.

ಫೆಬ್ರವರಿ 11, ಭಾನುವಾರ

ಹಳಿ ರಿಪೇರಿಗೆ ಫಾಸ್ಟ್ ರೈಲು ನಿಲ್ಲಿಸುವ ಭಾನುವಾರದ ಬ್ಲಾಕ್ ಮರೆತೇಹೋಗಿತ್ತು. ಸ್ಲೋ ಲೋಕಲ್ ಹಿಡಿದು, ಚರ್ಚ್‌ಗೇಟ್‌ನಿಂದ ಟ್ಯಾಕ್ಸಿ ಮಾಡಿ, ಏದುಸಿರು ಬಿಡುತ್ತ ತಲುಪಿದೆ. ಅಷ್ಟರಲ್ಲಿ ಮೊದಲ ಹಾರ್ನ್ ಆಗಿತ್ತು. ಎಲ್ಲ ದೋಣಿಗಳೂ ನೀರಿನಲ್ಲಿ. ರಾಚವ್ವ ಮಾತ್ರ ದಡದಲ್ಲಿ, ಪಕ್ಕದಲ್ಲಿ ಶಶಿಕಾಂತ, ಕೈ ಕಟ್ಟಿಕೊಂಡು.

ಪ್ರೀತಮ್ ತಾನೇ ಕ್ರೂ ಆಗಿ ಬರುತ್ತೇನೆ ಅಂದಿದ್ದನಂತೆ. ಇವರು ಬೇಡ ಅಂದರಂತೆ. ಹಗ್ಗ ಎಳೆಯುವುದು ಒಂದು ಚೂರು ತಡವಾದರೆ ಊರು ಒಂದು ಮಾಡುವ ಮನುಷ್ಯ. ಇವತ್ತು ಲೈಫ್ ಜಾಕೆಟ್ ಕೈಗಿಟ್ಟರು, ಅಷ್ಟೇ.

ಕೊನೆಯವರಾಗಿ ಬಂದೆವು. ಮನೆಗೆ ಬಂದ ಕೂಡಲೆ, ಜೊತೆಗಿರುವ ಸಾಧನಾಕ್ಕ, ಗೆದ್ದಿರಾ ಅಂದಳು. ಹೂಂ ಅಂದುಬಿಟ್ಟೆ. ನನ್ನ ಮುಖ ಹಾಗಿತ್ತೇನೋ.

ಮಾರ್ಚ್ 3

ಗಾಳಿ ಜೋರು, ರೇಸ್ ರದ್ದು. ಮನೆಯಲ್ಲೇ.

ಸಾಧನಾಕ್ಕ ಹುಳಿಗೆ ಒಗ್ಗರಣೆ ಹಾಕುತ್ತ ಎಲ್ಲ ಬಾಯಿಬಿಡಿಸಿದಳು. ಅವಳ ಮುಂದೆ ಏನೂ ಮುಚ್ಚಿಡಲಾಗುವುದಿಲ್ಲ. ಶಶಿಕಾಂತರಿಗೆ ಡೈವೋರ್ಸ್ ಆಗಿ ಕಾಲವಾಯಿತು, ಮಗಳು ಪುಣೆಯಲ್ಲಿ ಓದುತ್ತಾಳೆ, ಇಷ್ಟು ಹೇಳಿದೆ.

“ಮತ್ತೆ ಅವರಿಗೆ ಹೇಳೋದಕ್ಕೇನೇ ಕಷ್ಟ? ಬಾಯಲ್ಲೇನು ಕಡುಬು ಇಟ್ಕೊಂಡಿದೀಯಾ?” ಅಂದಳು.

ಅವರಾಗಿ ಒಂದು ಮಾತು ಆಡಿಲ್ಲ ಅಕ್ಕ ಅಂದೆ. ಹಾಗಾದರೆ ಇಬ್ಬರ ಬಾಯಲ್ಲೂ ಕಡುಬೇ ಅಂತ ನಕ್ಕಳು. ಮುಂದಿನ ಭಾನುವಾರ ಹೇಳುತ್ತೇನೆ. ಹೇಳಲೇಬೇಕು.

ಮಾರ್ಚ್ 17, ಭಾನುವಾರ

ಹೋದ ವಾರ ಆಗಲಿಲ್ಲ. ಇವತ್ತು…

ಇವತ್ತು ಗಾಳಿ ಬಿದ್ದುಹೋಯಿತು. ದೋಣಿಗಳೆಲ್ಲ ಕೆರೆಗಿಳಿದ ಎಮ್ಮೆಗಳ ಹಾಗೆ ನಿಂತಲ್ಲೇ ನಿಂತವು. ಬೈಗುಳವೂ ನಿಂತಿತು. ಹಿಂದಿನಿಂದ ಒಂದು ಡಬ್ಬಿ ಬಂತು. ಕುಂದಾ, ಬೆಳಗಾವಿಯಿಂದ ತಮ್ಮ ತಂದದ್ದಂತೆ. ಅಲ್ಲೂ ಹಾಯಿದೋಣಿ ಇದೆಯಾ ಅಂತ ಕಾಂಡ್ಲಾ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದರಂತೆ. ಹಾಯಿದೋಣಿ ಅಂದರೆ ಫೋನ್ ಎತ್ತಿದವರಿಗೆ ಅರ್ಥವೇ ಆಗಲಿಲ್ಲವಂತೆ. ನಗುತ್ತಲೇ ಹೇಳಿದರು. ನಗು ಪೂರ್ತಿಯಾಗಲಿಲ್ಲ.

ತಿರುಗಿ ಕೂರಬಹುದಿತ್ತು. ಗಾಳಿಯೇ ಇಲ್ಲದಾಗ ಎಂಥ ನಿಯಮ? ತಿರುಗಲಿಲ್ಲ. ಶಶಿಕಾಂತ್ ಅವರೇ ಅಂದೆ. ಏನ್ರಿ ಅಂದರು, ಮೆತ್ತಗೆ. ಅಷ್ಟರಲ್ಲಿ ಕೆನ್ನೆಗೆ ತಣ್ಣಗೆ ತಾಗಿತು. “ಬಂತು ಗಾಳಿ. ಎಳಿ!”

ಹಾಳು ಗಾಳಿ.

ಏಪ್ರಿಲ್ 28, ಭಾನುವಾರ

ಇವತ್ತಿನದನ್ನು ಬರೆಯಲೇಬೇಕು.

ಸೀಸನ್ನಿನ ಕೊನೆಯ ರೇಸ್, ಕ್ರೂ ರೇಸ್. ಪ್ರತಿವರ್ಷದ ತಮಾಷೆ ಇದು. ಈ ಒಂದು ದಿನ ಜಾಗ ಅದಲುಬದಲು. ಕ್ರೂ ಹಿಂದೆ ಕೂತು ಚುಕ್ಕಾಣಿ ಹಿಡಿಯಬೇಕು, ದೋಣಿಯ ಯಜಮಾನರು ಮುಂದೆ ಕೂತು ಹಗ್ಗ ಎಳೆಯಬೇಕು. ದೋಣಿಯನ್ನು ಎಲ್ಲಿ ಗುದ್ದಿಸಿಬಿಡುತ್ತೇನೋ ಅಂತ ಇಷ್ಟು ವರ್ಷ ಏನಾದರೂ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ನಾನೇ ಹೆಸರು ಕೊಟ್ಟೆ.

ಮೊದಲ ಸಲ ಅವರನ್ನು ನೋಡಿದೆ. ಅಂದರೆ, ಬೇಕಾದಷ್ಟು ಹೊತ್ತು. ಬಿಸಿಲಿಗೆ ಕಪ್ಪಾದ ಕುತ್ತಿಗೆ. ಕತ್ತರಿಗೆ ಸಿಗದೆ ಉಳಿದ ನಾಲ್ಕು ಬಿಳಿ ಕೂದಲು. ಎಡಗಿವಿಯ ಹಿಂದೆ ಮಚ್ಚೆ. ಶರ್ಟಿನ ಭುಜದ ಹತ್ತಿರ ಹೊಲಿಗೆ ಬಿಟ್ಟಿದೆ. ಅವರಿಗೆ ಹೇಳುವವರು ಯಾರೂ ಇಲ್ಲ.

ಎರಡನೆಯವರಾಗಿದ್ದೆವು. ಕೊನೆಯ ಕೆಂಪು ತೇಲುಗುರುತನ್ನು ಸುತ್ತಿ ದಡದ ಕಡೆ ತಿರುಗಿಸಿದರೆ ರೇಸ್ ಮುಗಿಯಿತು. ಮುಗಿದರೆ ದೋಣಿ ಮೇಲಕ್ಕೆ, ಅವರು ಕಾಂಡ್ಲಾಗೆ. ಕೈ ತಿರುಗಲಿಲ್ಲ… ಇಲ್ಲ, ನಿಜ ಬರೆಯಬೇಕು. ನಾನು ತಿರುಗಿಸಲಿಲ್ಲ. ಕೆಂಪು ಗುರುತು ಪಕ್ಕಕ್ಕೆ ಬಂತು, ಹಿಂದಕ್ಕೂ ಹೋಯಿತು. ಉಳಿದವರೆಲ್ಲ ತಿರುಗಿದರು. ರಾಚವ್ವ ನೆಟ್ಟಗೆ ಹೊರಗೆ ಹೊರಟಳು. ದಡದಿಂದ ಪ್ರೀತಮ್ ಹಾರ್ನ್ ಮೇಲೆ ಹಾರ್ನ್ ಬಾರಿಸಿದ.

ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಅಂತ ಕಾದೆ. ಹಗ್ಗ ಹಿಡಿದು ಕೂತೇ ಇದ್ದರು, ಹಿಂದೆ ತಿರುಗದೆ. ರೇಸ್ ಹೋಯಿತು ಅಂದೆ. ಹೋಗಲಿ ಅಂದರು. ಆಮೇಲೆ, ಹಾಯಿಯನ್ನೇ ನೋಡುತ್ತ —

“ಆರು ವರ್ಷ ನಾ ನಿಮ್ಮ ಬೆನ್ನ ನೋಡಿಕೋತ ಕುಂತೀನ್ರಿ. ಹೆಂಗಿರ್ತದ ಅಂತ ಇವತ್ತ ನಿಮಗೂ ಗೊತ್ತಾತು.”

ಗೊತ್ತಾಯಿತು. ಒಂದು ಹೂಂ ಕೂಡ ಅನ್ನಲಿಲ್ಲ, ಪೆದ್ದಿ. ಕಣ್ಣು ತುಂಬಿ ಮುಂದಿನದು ಏನೂ ಕಾಣದೆ ದೋಣಿ ಓಲಾಡಿತು. ಆಮೇಲೆ ದಡಕ್ಕೆ ತಿರುಗಿಸಿದೆ.

ಮೇ 5

ಕ್ಲಬ್‌ನಲ್ಲಿ ಸೀಸನ್ ಊಟ. ನಮಗೂ ಬಹುಮಾನ ಬಂತು. ಸ್ನಾನದ ಪ್ಲಾಸ್ಟಿಕ್ ಮಗ್ ಮೇಲೆ ಅತಿ ದೂರ ಹೋದವರು ಅಂತ ಬರೆಸಿದ್ದಾರೆ. ಎಲ್ಲ ಬಿದ್ದು ಬಿದ್ದು ನಕ್ಕರು. ಇಬ್ಬರೂ ಹೋಗಿ ಒಂದೊಂದು ಕಡೆ ಹಿಡಿದುಕೊಂಡು ಫೋಟೋ ತೆಗೆಸಿಕೊಂಡೆವು.

ಮಗಳು ಸ್ನೇಹಲ್ ಪುಣೆಯಿಂದ ಬಂದಿದ್ದಳು. ನನ್ನ ಪಕ್ಕವೇ ಕೂತಳು. ರಜೆಗೆ ಮನೆಗೆ ಬಂದಾಗಲೆಲ್ಲ ಊಟದ ಟೇಬಲ್ ಮೇಲೆ ಪಪ್ಪಾ ಇಡೀ ರೇಸ್ ಮಾಡಿ ತೋರಿಸುತ್ತಾರಂತೆ, ಲೋಟ ಬಟ್ಟಲುಗಳನ್ನೆಲ್ಲ ದೋಣಿ ಮಾಡಿ. “ಆಂಟಿ, ಉಪ್ಪಿನ ಡಬ್ಬಿ ಇದೆಯಲ್ಲಾ, ವೋ ರಾಚವ್ವಾ. ಆಪ್ ದೋನೋ ಹಮೇಶಾ ಜೀತ್‌ತೇ ಹೋ,” ಅಂದಳು.

ಯಾವಾಗಲೂ ಗೆಲ್ಲುವವರಂತೆ! ನಾವು ಗೆದ್ದದ್ದು ಆರು ವರ್ಷದಲ್ಲಿ ಒಂದೇ ಸಲ. ಎದುರಿಗಿದ್ದ ಶಶಿಕಾಂತ ಕೆಂಪಗಾಗಿ ಐಸ್‌ಕ್ರೀಮ್ ತರಲು ಎದ್ದುಹೋದರು. ಅವತ್ತು ದೋಣಿಯಲ್ಲಿ ಅವರು ಆಡಿದ ಮಾತಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ಮೇ 12

ದೋಣಿ ಮೇಲೆತ್ತಿದರು. ತಾಡಪಾಲು ಹೊದಿಸಿ ಗಂಟು ಹಾಕುತ್ತ, ಅಕ್ಟೋಬರ್‌ನಿಂದ ಚುಕ್ಕಾಣಿ ನಿಮ್ಮದು ಮೇಡಮ್ ಅಂದರು. ಒಳ್ಳೆಯ ಕ್ರೂ ನೋಡಿಕೊಳ್ಳಿ ಅಂದರು. ಸರಿ ಅಂದೆ.

ಸರಿಯಂತೆ! ಎಲ್ಲಿಂದ ಬಂತೋ ಆ ಮಾತು.

ಜುಲೈ 21, ಭಾನುವಾರ

ಎಷ್ಟು ದಿನವಾಯಿತೋ ಬರೆದು. ಮಳೆ. ಕ್ಲಬ್ ಮುಚ್ಚಿದೆ, ಆದರೂ ಹೋಗಿ ಬಂದೆ. ತಾಡಪಾಲಿನ ಮೇಲೆ ನೀರು ನಿಂತಿತ್ತು, ಆ ಬಹುಮಾನದ ಮಗ್‌ನಿಂದಲೇ ಮೊಗೆದು ಚೆಲ್ಲಿದೆ. ಅವರು ಹಾಕಿದ ಗಂಟು ಹಾಗೇ ಇದೆ. ಮುಟ್ಟಿ ನೋಡಿದೆ.

ದಿನಾ ಬೆಳಿಗ್ಗೆ ಕಾಂಡ್ಲಾದಿಂದ ವಾಟ್ಸ್ಯಾಪ್‌ನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಾರೆ. ಖುಷಿಯಾಗುತ್ತಿತ್ತು. ಆಮೇಲೆ ನೋಡಿದರೆ ಕ್ಲಬ್ ಗ್ರೂಪ್‌ಗೂ ಅದೇ ಹೂವು.

ಅಕ್ಟೋಬರ್ 2, ರಜೆ

ಭಾನುವಾರ ಮೊದಲ ರೇಸ್. ರಚಾವಾದ ಕ್ರೂ ಯಾರು ಅಂತ ಪ್ರೀತಮ್ ಫೋನ್ ಮಾಡಿದ. ಆಮೇಲೆ ಹೇಳುತ್ತೇನೆ ಅಂದೆ.

ಬರೆದು ಅಳಿಸಿ, ಬರೆದು ಅಳಿಸಿ, ಕೊನೆಗೆ ಅಕ್ಕ ಫೋನ್ ಕಿತ್ತುಕೊಳ್ಳುವುದರೊಳಗೆ ಕಳಿಸಿಬಿಟ್ಟೆ. “ರಾಚವ್ವನಿಗೆ ಕ್ರೂ ಬೇಕು. ನಿಮ್ಮನ್ನು ಬಿಟ್ಟು ಬೇರೆ ಯಾರೂ ಬೇಡ. ಬರ್ತೀರಾ?”

ಓದಿದ್ದಾರೆ. ಎರಡೂ ಟಿಕ್ ನೀಲಿ.

ಅಕ್ಟೋಬರ್ 4

ಉತ್ತರವಿಲ್ಲ. ಹೂವೂ ಇಲ್ಲ, ನನಗೂ ಇಲ್ಲ, ಗ್ರೂಪ್‌ಗೂ ಇಲ್ಲ. ಏಪ್ರಿಲ್‌ನಿಂದ ಅವರೂ ಹೀಗೇ ಕಾದಿರಬೇಕು. ಪ್ರೀತಮ್‌ಗೆ ಏನು ಹೇಳಲಿ?

ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ

ಈಗ ತಾನೇ ಬಂತು. “ರಜಾ ಮಂಜೂರ ಆಗೂತನಾ ಏನ ಹೇಳೋದು ಅಂತ ಸುಮ್ಮನಿದ್ದೆ. ಗಾಡಿ ಪಾಲ್ಘರ್ ದಾಟೇತಿ. ಎಲ್ಲಿ ಇಳೀಲಿ?”

ಪಾಲ್ಘರ್ ಅಂದರೆ ಇಲ್ಲಿಗೆ ಇನ್ನು ಒಂದು ಗಂಟೆಯೂ ಇಲ್ಲ. ಬೊರಿವಲಿ ಅಂತ ಕಳಿಸಿದೆ. ಒಂದೇ ಪದ, ಅದನ್ನೂ ಎರಡು ಸಲ ತಪ್ಪು ಹೊಡೆದೆ.

ಅಕ್ಕ ಏನೂ ಕೇಳಲಿಲ್ಲ, ಕುಕ್ಕರ್‌ಗೆ ಇನ್ನೊಂದು ಪಾವು ಅಕ್ಕಿ ಹಾಕಿದಳು. ಸೂಜಿ ದಾರ ಬ್ಯಾಗಿನಲ್ಲಿಟ್ಟುಕೊಂಡೆ, ಹೊಲಿಗೆ ಬಿಟ್ಟ ಆ ಶರ್ಟೇ ಹಾಕಿಕೊಂಡು ಬಂದರೆ ಅಂತ. ದೋಣಿ ಹತ್ತುವವರೆಗೆ ಕಾಯಬಾರದು. ಹತ್ತಿದರೆ ಮತ್ತೆ ಬೆನ್ನೇ. ಪ್ಲಾಟ್‌ಫಾರ್ಮ್ ಮೇಲೇ ಹೇಳಬೇಕು, ಮುಖ ನೋಡಿ. ಇಳಿದ ಕೂಡಲೆ, ಮೊದಲ ಮಾತೇ —